ಹದಿನೈದು ಮನೆಯ ಹಾಳೆ

ನನ್ನ ಮಗಳು ಆರು ವರ್ಷದವಳಿದ್ದಾಗಿನಿಂದ ಭರತನಾಟ್ಯ ಕಲಿತವಳು. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಮೈಸೂರಿನಲ್ಲಿ ಅವಳ ರಂಗಪ್ರವೇಶ ಮಾಡಿಸಿದೆವು. ಮುಂದಿನ ಫೆಬ್ರವರಿಯಲ್ಲಿ, ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಹನ್ನೆರಡನೇ ಕ್ಲಾಸಿಗೆ ಯಾವ ಕೋರ್ಸ್ ತಗೋಬೇಕು ಅಂತ ನೋಡುತ್ತಿದ್ದೆವು. ಆಗ ಗೊತ್ತಾಯಿತು, ಕಲೆಯ ಜಾಗ ಖಾಲಿ ಇದೆ ಅಂತ. ಈ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಹೈಸ್ಕೂಲಿನಲ್ಲಿ (ಇಲ್ಲಿ ಅದು 9ರಿಂದ 12ನೇ ಕ್ಲಾಸು) ಒಂದು ವರ್ಷ ಕಲೆಯ ಕೋರ್ಸ್ ಮಾಡಿರಬೇಕು ಅಂತ ಕೇಳುತ್ತದೆ. ಹೊರಗೆ ಗುರುಗಳ ಹತ್ತಿರ ಹತ್ತು ವರ್ಷ ಕಲಿತದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಕಾದುಕೊಂಡು ಕೂತಿದ್ದ ಸೈಕಾಲಜಿ ಕ್ಲಾಸನ್ನು ಬಿಟ್ಟು ಅವಳು ಮಡಕೆ ಮಾಡುವ ಕ್ಲಾಸು ಸೇರಿದಳು. ಕಾರಿನಲ್ಲಿ ಮನೆಗೆ ಬರುವಾಗ ಒಂದೇ ಮಾತು ಕೇಳಿದಳು. "ಅಮ್ಮ, ಇದನ್ನ ಹತ್ತನೇ ಕ್ಲಾಸಲ್ಲೇ ಯಾರಾದ್ರೂ ಹೇಳಬಾರದಿತ್ತಾ?" ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಒಂದು ಸೆಮಿಸ್ಟರಿನ ಕಲೆಯ ಕೋರ್ಸ್ ಮಾಡಿದ್ದರೂ ಸಾಕಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು. ಆಗ ತುಂಬಾ ಬೇಜಾರಾಯಿತು. ಅವಳ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಅದಕ್ಕೇ ಆರು ವರ್ಷದಿಂದ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತು ಕಾಲೇಜಿಗೆ ಹೇಗೆ ತಯಾರಾಗಬೇಕು ಅಂತ ಹೇಳಿಕೊಡುತ್ತಿದ್ದೇನೆ. ಇಲ್ಲಿ ಅವರನ್ನು ಸೋಫೋಮೋರ್ ಅನ್ನುತ್ತಾರೆ.

ಭಾನುವಾರ ಬೆಳಿಗ್ಗೆ ನಮ್ಮ ಕಡೆ ಕನ್ನಡ ಕ್ಲಾಸು ನಡೆಯುತ್ತದೆ. ಚಿಕ್ಕ ಮಕ್ಕಳು ಒಳಗೆ ಕಾಗುಣಿತ ಬರೆಯುತ್ತಿರುತ್ತಾರೆ. ಅವರ ಅಕ್ಕ ಅಣ್ಣಂದಿರು ಹೊರಗೆ ಫೋನ್ ಹಿಡಿದು ಕೂತಿರುತ್ತಾರೆ. ಪಕ್ಕದ ಖಾಲಿ ಕೋಣೆಯಲ್ಲಿ ಅವರನ್ನು ಕೂರಿಸಿಕೊಳ್ಳಲು ಶುರು ಮಾಡಿದೆ. ಒಂದು ಗುಂಪಿಗೆ ಆರು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ. ತಿಂಗಳಿಗೆ ಎರಡು ಭಾನುವಾರ. ನಾನು ಕೌನ್ಸೆಲರ್ ಅಲ್ಲ, ದುಡ್ಡೂ ತಗೊಳ್ಳುವುದಿಲ್ಲ. ಒಬ್ಬ ಶಾಲಾ ಕೌನ್ಸೆಲರಿಗೆ 250 ಮಕ್ಕಳು ಇರಬೇಕು ಅಂತ ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ ಹೇಳುತ್ತದೆ. ನಮ್ಮ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಪಾಪ, ಒಂದೊಂದು ಮಗುವಿಗೆ ಅವರಿಗೆ ಸಿಗುವುದು ಹತ್ತು ನಿಮಿಷ.

ಮೊದಲ ಭಾನುವಾರ ಅಪ್ಪ ಅಮ್ಮನೂ ಬರಲೇಬೇಕು. ಅವರ ತಲೆಯಲ್ಲಿರುವ ಒಂದು ಚಿತ್ರವನ್ನು ಬದಲಿಸದೆ ಮುಂದೆ ಹೋಗಲು ಆಗುವುದಿಲ್ಲ. ನಾವೆಲ್ಲ ಪಿಯುಸಿ, ಸಿಇಟಿ ದಾರಿಯಲ್ಲಿ ಬಂದವರು. ಕೊನೆಯ ಎರಡು ವರ್ಷ ಬಿಡದೆ ಓದಿದರೆ ರ‍್ಯಾಂಕ್, ರ‍್ಯಾಂಕಿಗೆ ತಕ್ಕ ಸೀಟು. ಹಾಗಾಗಿ ಹತ್ತನೇ ಕ್ಲಾಸಿನ ಮಗುವಿನ ಬಗ್ಗೆ "ಇನ್ನೂ ಟೈಮಿದೆ ಬಿಡಿ ಮೇಡಂ" ಅನ್ನುತ್ತಾರೆ. ಇಲ್ಲಿ ಲೆಕ್ಕವೇ ಬೇರೆ. ಯುಸಿ ನೋಡುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 10 ಮತ್ತು 11ನೇ ಕ್ಲಾಸಿನ ಗ್ರೇಡುಗಳಿಂದ ಬರುತ್ತದೆ. ಅರ್ಜಿ ಹಾಕುವುದು 12ನೇ ಕ್ಲಾಸಿನ ಅಕ್ಟೋಬರ್, ನವೆಂಬರಿನಲ್ಲಿ. ಆ ವರ್ಷದ ಗ್ರೇಡು ಆಗ ಇನ್ನೂ ಬಂದೇ ಇರುವುದಿಲ್ಲ. ಅಂದರೆ ಹತ್ತನೇ ಕ್ಲಾಸೇ ಅರ್ಧ ಲೆಕ್ಕ. ಇದನ್ನು ಹೇಳಿದ ತಕ್ಷಣ ಕೆಲವರು ಗಾಬರಿಯಾಗುತ್ತಾರೆ. ಅದಕ್ಕೇ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ತಡವರಿಸಿದ ಮಗುವಿಗೆ ಇದು ಒಳ್ಳೆಯ ಸುದ್ದಿ. ಆ ವರ್ಷದ ಕೋರ್ಸುಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಇದ್ದರೆ ಸಾಕು, ಅದು ಯುಸಿಯ ಜಿಪಿಎಗೆ ಸೇರುವುದಿಲ್ಲ.

ಆಮೇಲೆ ಹಾಳೆ ಹಂಚುತ್ತೇನೆ. ಚೌಕಾಬಾರದ ಥರ ಮನೆ ಹಾಕಿದ ಒಂದು ಹಾಳೆ. ಒಟ್ಟು 15 ಮನೆ. ಯುಸಿ ಕೇಳುವ ಕೋರ್ಸುಗಳನ್ನು ಎ ಯಿಂದ ಜಿ ವರೆಗೆ ಹೆಸರಿಟ್ಟಿದ್ದಾರೆ. ಇತಿಹಾಸ ಮತ್ತು ಸಮಾಜಕ್ಕೆ 2 ವರ್ಷ, ಇಂಗ್ಲಿಷಿಗೆ 4, ಗಣಿತಕ್ಕೆ 3, ವಿಜ್ಞಾನಕ್ಕೆ 2, ಇಂಗ್ಲಿಷ್ ಅಲ್ಲದ ಒಂದು ಭಾಷೆಗೆ 2, ಕಲೆಗೆ 1, ಇಷ್ಟದ ವಿಷಯಕ್ಕೆ 1. ಇದು ಕನಿಷ್ಠ. ಗಣಿತ, ವಿಜ್ಞಾನ, ಭಾಷೆ ಮೂರರಲ್ಲೂ ಇನ್ನೊಂದು ವರ್ಷ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. 12ನೇ ಕ್ಲಾಸು ಶುರುವಾಗುವ ಮುಂಚೆ 11 ಮನೆ ತುಂಬಿರಬೇಕು. ಮಕ್ಕಳು ತಮ್ಮ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಪಕ್ಕದಲ್ಲಿಟ್ಟುಕೊಂಡು ತಾವೇ ಬಣ್ಣ ಹಾಕಬೇಕು. ಮುಗಿದದ್ದಕ್ಕೆ ಹಸಿರು, ಈಗ ನಡೆಯುತ್ತಿರುವುದಕ್ಕೆ ನೀಲಿ. ಅಪ್ಪ ಅಮ್ಮ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಇದೊಂದು ವಿಷಯದಲ್ಲಿ ನಾನು ತುಂಬಾ ಸ್ಟ್ರಿಕ್ಟ್.

ಎರಡನೇ ವರ್ಷದ ಗುಂಪಿನಲ್ಲಿ ಒಬ್ಬ ಹುಡುಗ ಭಾಷೆಯ ಎರಡನೇ ಮನೆಯ ಮುಂದೆ ಸುಮ್ನೆ ಕೂತುಬಿಟ್ಟ. ಪೆನ್ಸಿಲ್ ಎತ್ತಲಿಲ್ಲ. ಅವನ ಅಪ್ಪ ಬಾಗಿಲ ಹತ್ತಿರ ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರು. ಹುಡುಗ ಮೆಲ್ಲಗೆ ಕೇಳಿದ. "ಆಂಟಿ, ಡಿ ಬಂದ್ರೆ ಯಾವ ಬಣ್ಣ?" ಆ ಸೆಮಿಸ್ಟರಿನ ಸ್ಪ್ಯಾನಿಷ್ 2ರಲ್ಲಿ ಡಿ ಬಂದಿತ್ತು. ಮನೆಯಲ್ಲಿ ಹೇಳಿರಲಿಲ್ಲ.

ನಿಯಮ ನನಗೆ ಗೊತ್ತಿತ್ತು. ಭಾಷೆ ಮತ್ತು ಗಣಿತದಲ್ಲಿ ಮುಂದಿನ ಸೆಮಿಸ್ಟರಿನಲ್ಲಿ ಸಿ ಅಥವಾ ಹೆಚ್ಚು ಬಂದರೆ ಹಿಂದಿನ ಡಿ ಇದ್ದರೂ ಆ ಕೋರ್ಸು ಪೂರ್ತಿಯಾಯಿತು ಅಂತ ಯುಸಿ ಒಪ್ಪಿಕೊಳ್ಳುತ್ತದೆ. ಡಿ ಮಾತ್ರ ಜಿಪಿಎಯಲ್ಲಿ ಇದ್ದೇ ಇರುತ್ತದೆ. ಕೋರ್ಸನ್ನು ಮತ್ತೆ ಮಾಡಿ ಒಳ್ಳೆಯ ಗ್ರೇಡು ತಂದರೆ ಹೊಸ ಗ್ರೇಡನ್ನೇ ಲೆಕ್ಕಕ್ಕೆ ತಗೊಳ್ಳುತ್ತಾರೆ. ಎರಡು ದಾರಿಯನ್ನೂ ಹಾಳೆಯ ಹಿಂದೆ ಬರೆದುಕೊಟ್ಟೆ. "ಅಪ್ಪನಿಗೆ ಹೇಳೋದು ನಿನ್ನ ಕೆಲಸ. ಬೇಕಿದ್ರೆ ನಾನು ಪಕ್ಕದಲ್ಲಿ ಕೂರ್ತೀನಿ" ಅಂದೆ. ಹೇಳಿದ. ಅಪ್ಪನ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಕೇಳಿದ್ದು ಬೈಗುಳ ಅಲ್ಲ. "ಮುಂದಿನ ಟೆಸ್ಟ್ ಯಾವಾಗ ಪುಟ್ಟ?" ಅಂತ. ಹತ್ತನೇ ಕ್ಲಾಸಿನಲ್ಲಿ ಗೊತ್ತಾದ ಡಿಗೆ ಎರಡು ಬೇಸಿಗೆ ರಜೆ ಕೈಯಲ್ಲಿರುತ್ತದೆ. ಹನ್ನೆರಡರಲ್ಲಿ ಗೊತ್ತಾದರೆ ಏನೂ ಇರುವುದಿಲ್ಲ. ನಾನು ಈ ಹಾಳೆಯನ್ನು ಇಷ್ಟು ಬೇಗ ಕೊಡುವುದು ಅದಕ್ಕೇ.

ಎಪಿ, ಅಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸುಗಳ ಬಗ್ಗೆ ಪ್ರತಿ ವರ್ಷ ವಾದ ಆಗುತ್ತದೆ. ಪಕ್ಕದ ಮನೆಯ ಮಗು ಹತ್ತರಲ್ಲೇ ನಾಲ್ಕು ಎಪಿ ತಗೊಂಡಿದೆ, ನಮ್ಮದು ಒಂದೇ ತಗೊಂಡಿದೆ ಅಂತ. ಯುಸಿಯ ಜಿಪಿಎಯಲ್ಲಿ ಎಪಿ, ಆನರ್ಸ್ ಕೋರ್ಸುಗಳ ಹೆಚ್ಚುವರಿ ಅಂಕ ಸಿಗುವುದು 8 ಸೆಮಿಸ್ಟರಿಗೆ ಮಾತ್ರ. ಅದರಲ್ಲಿ ಹತ್ತನೇ ಕ್ಲಾಸಿನದ್ದು 4ಕ್ಕಿಂತ ಹೆಚ್ಚು ಇರುವಂತಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದ ಮೇಲೆ ದನಿ ಇಳಿಯುತ್ತದೆ. ರಾತ್ರಿ ಒಂದು ಗಂಟೆವರೆಗೆ ಎದ್ದಿರುವ 15 ವರ್ಷದ ಮಕ್ಕಳನ್ನು ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ.

ಎಸ್‌ಎಟಿಯಂಥ ಕಾಲೇಜು ಪ್ರವೇಶ ಪರೀಕ್ಷೆಗಳ ವಿಷಯ ಚಿಕ್ಕದು. ಯುಸಿ ಎಸ್‌ಎಟಿ ಅಂಕವನ್ನು ಸೀಟು ಕೊಡುವಾಗ ನೋಡುವುದೇ ಇಲ್ಲ. ಬಾಸ್ಟನ್ ಹತ್ತಿರದ ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಆಮೇಲೆ ಇನ್ನೂ ಕೆಲವು ದೊಡ್ಡ ಕಾಲೇಜುಗಳು ಹಾಗೇ ಮಾಡಿದವು. ಹತ್ತನೇ ಕ್ಲಾಸಿನಲ್ಲಿ ಶಾಲೆಯಲ್ಲೇ ಎಸ್‌ಎಟಿಯ ಅಭ್ಯಾಸ ಪರೀಕ್ಷೆ ಪಿಎಸ್‌ಎಟಿ ಇದ್ದರೆ ಒಮ್ಮೆ ಬರೆದು ನೋಡಿ ಅನ್ನುತ್ತೇನೆ. ನ್ಯಾಷನಲ್ ಮೆರಿಟ್ ಅನ್ನುವ ವಿದ್ಯಾರ್ಥಿವೇತನಕ್ಕೆ ಲೆಕ್ಕವಾಗುವುದು ಹನ್ನೊಂದನೇ ಕ್ಲಾಸಿನದ್ದು. ಈಗಲೇ ಕೋಚಿಂಗ್ ಬೇಡ.

ದುಡ್ಡಿನ ವಿಷಯಕ್ಕೆ ಮಾತ್ರ ಒಂದು ಪೂರ್ತಿ ಭಾನುವಾರ ಬೇಕು. ಆ ದಿನ ಮಕ್ಕಳೂ ಕೂತಿರಬೇಕು. ನಮ್ಮವರು ಮಕ್ಕಳ ಮುಂದೆ ಸಂಬಳ, ಸಾಲ ಮಾತಾಡುವುದಿಲ್ಲ. ಕೊನೆಗೆ 12ನೇ ಕ್ಲಾಸಿನ ಏಪ್ರಿಲಿನಲ್ಲಿ, ಸೀಟು ಸಿಕ್ಕ ಮೇಲೆ, "ಅಷ್ಟು ಕೊಡೋಕಾಗಲ್ಲ ಕಂದ" ಅನ್ನುವ ಪರಿಸ್ಥಿತಿ ಬರುತ್ತದೆ. ಅದು ಎಷ್ಟು ನೋವು ಅಲ್ವಾ? ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನೆರವಿಗೆ ಹಾಕುವ ಅರ್ಜಿ ಎಫ್‌ಎಎಫ್‌ಎಸ್‌ಎ. ಅದರಲ್ಲಿ ಕೇಳುವುದು ಹಿಂದಿನ ಒಂದು ವರ್ಷದ ಆದಾಯ. ಯಾವ ವರ್ಷ ಅಂತ ಎಣಿಸಿದರೆ ಆಶ್ಚರ್ಯ ಆಗುತ್ತದೆ. 2028ರಲ್ಲಿ ಕಾಲೇಜು ಸೇರುವ ಮಗುವಿಗೆ ನೋಡುವುದು 2026ರ ಆದಾಯ. 2026ರ ಜನವರಿಯಲ್ಲಿ ಆ ಮಗು ಇನ್ನೂ ಹತ್ತನೇ ಕ್ಲಾಸಿನಲ್ಲೇ ಇರುತ್ತದೆ. ಆ ವರ್ಷ ಊರಿನ ಸೈಟು ಮಾರಿ ಲಾಭ ಬಂದರೆ ಅದೂ ಆದಾಯದಲ್ಲಿ ಸೇರುತ್ತದೆ. ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. ಮಾರುವ ಮುಂಚೆ ಈ ವಿಷಯ ಗೊತ್ತಿರಲಿ ಅಷ್ಟೇ.

ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ, ನೆರವು ಕಳೆದು ಮನೆಯವರು ಕಟ್ಟಬೇಕಾದದ್ದು ಎಷ್ಟು ಅಂತ ಅಂದಾಜು ತೋರಿಸುತ್ತದೆ. ಮೂರು ಕಾಲೇಜಿನದ್ದನ್ನು ಮನೆಯವರೆಲ್ಲ ಒಟ್ಟಿಗೆ ಕೂತು ತುಂಬಿಸಿ ಬನ್ನಿ ಅನ್ನುತ್ತೇನೆ. ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿರುವ ಮಕ್ಕಳ ಮನೆಯವರ ಜೊತೆ ಬೇರೆಯಾಗಿ ಮಾತಾಡುತ್ತೇನೆ. ಆ ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ. 21 ತುಂಬಿದರೆ ಆ ವೀಸಾವೂ ಮುಗಿಯುತ್ತದೆ. ಎರಡು ವರ್ಷದ ಮಗುವಾಗಿ ಬಂದು ಇಲ್ಲೇ ಬೆಳೆದವರಿಗೂ ಅಷ್ಟೇ. ಈ ಮಾತನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಆದರೆ ಬೇಗ ಹೇಳಿದರೆ ವಕೀಲರ ಹತ್ತಿರ ಹೋಗಿ ದಾರಿ ಕೇಳಲು ಸಮಯ ಇರುತ್ತದೆ.

ಅದೇ ದಿನ ಕಮ್ಯುನಿಟಿ ಕಾಲೇಜಿನ ಬಗ್ಗೆಯೂ ಹೇಳುತ್ತೇನೆ. ನಮ್ಮಲ್ಲಿ ಅದನ್ನು ಕೀಳಾಗಿ ನೋಡುವವರು ಇದ್ದಾರೆ. ನನಗೆ ಅದರ ಮೇಲೆ ತುಂಬಾ ಗೌರವ. ಎರಡು ವರ್ಷ ಅಲ್ಲಿ ಓದಿ, ಕೇಳಿದ ಕೋರ್ಸು ಮತ್ತು ಗ್ರೇಡು ತಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ಸೀಟಿನ ಖಾತ್ರಿ ಪಡೆಯುವ ವ್ಯವಸ್ಥೆ ಇದೆ. ಎಲ್ಲ ವಿಭಾಗಗಳಿಗೂ ಇಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು.

ವಸಂತದಲ್ಲಿ ಒಂದು ದಿನ ಶಾಲೆಗೆ ರಜೆ ಇದ್ದಾಗ ಮಕ್ಕಳನ್ನು ಬಾರ್ಟ್ ರೈಲು ಹತ್ತಿಸಿಕೊಂಡು ಬರ್ಕ್ಲಿಯ ಯುಸಿ ಕ್ಯಾಂಪಸ್ಸಿಗೆ ಹೋಗುತ್ತೇನೆ. ಫ್ರೀಮಾಂಟಿನಿಂದ ಒಂದೇ ರೈಲು, ಬದಲಿಸಬೇಕಾಗಿಲ್ಲ. ಬುತ್ತಿಗೆ ಚಿತ್ರಾನ್ನ. ಗೈಡ್ ಕರೆದುಕೊಂಡು ಹೋಗುವ ಟೂರ್ ಬೇಡ ಅಂದಿದ್ದೇನೆ. ಪ್ರತಿ ಮಗುವೂ ಅಲ್ಲಿ ಓದುವ ಒಬ್ಬರನ್ನು ಮಾತಾಡಿಸಿ ಒಂದೇ ಪ್ರಶ್ನೆ ಕೇಳಬೇಕು. "ಮಂಗಳವಾರ ಮಧ್ಯಾಹ್ನ ನೀವು ಏನು ಮಾಡ್ತಿರ್ತೀರಿ?" ಕಂಪ್ಯೂಟರ್ ಸೈನ್ಸೇ ಬೇಕು ಅನ್ನುತ್ತಿದ್ದ ಒಬ್ಬ ಹುಡುಗ ಮಣ್ಣಿನ ಬಗ್ಗೆ ಓದುವ ವಿದ್ಯಾರ್ಥಿಯ ಜೊತೆ ಮುಕ್ಕಾಲು ಗಂಟೆ ನಿಂತುಬಿಟ್ಟಿದ್ದ. ಅವನ ತಾತ ಚನ್ನರಾಯಪಟ್ಟಣದ ಹತ್ತಿರ ತೆಂಗು ಬೆಳೆಯುತ್ತಾರೆ ಅನ್ನುವುದು ನನಗೂ ಅವತ್ತೇ ಗೊತ್ತಾದದ್ದು.

ಕೊನೆಯದು ನೋಟ್‌ಬುಕ್. ತಂದೆ ತಾಯಿಯರು ನನ್ನನ್ನು ಅತಿ ಹೆಚ್ಚು ಕೇಳುವುದು "ಯಾವ ಕ್ಲಬ್ಬಿಗೆ ಸೇರಿಸಬೇಕು, ಯಾವ ಸೇವಾ ಸಂಸ್ಥೆ ಶುರು ಮಾಡಿಸಬೇಕು?" ಅಂತ. ಏನೂ ಬೇಡ. ಮಗು ಈಗ ಏನು ಮಾಡುತ್ತಿದೆ ಅಂತ ಮೊದಲು ನೋಡಿ. ಪ್ರತಿ ಮಗುವಿಗೂ ಒಂದು 100 ಪುಟದ ನೋಟ್‌ಬುಕ್ ಕೊಡುತ್ತೇನೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಬರೆದರೆ ಸಾಕು. ಯಾರೂ ಹೇಳದೆ ನೀನಾಗಿ ಮಾಡಿದ್ದು ಏನು? ಏನು ಕೆಟ್ಟಿತು? ಯಾರ ಜೊತೆ ಇದ್ದೆ? ಯುಸಿ ಅರ್ಜಿಯಲ್ಲಿ 8 ಪ್ರಶ್ನೆಗಳಲ್ಲಿ 4ಕ್ಕೆ, ಒಂದೊಂದಕ್ಕೆ 350 ಪದ ಮೀರದಂತೆ, ಉತ್ತರ ಬರೆಯಬೇಕು. ಎರಡು ವರ್ಷದ ಹಿಂದಿನ ಒಂದು ಸಂಜೆ 17ನೇ ವಯಸ್ಸಿನಲ್ಲಿ ನೆನಪಿರುವುದಿಲ್ಲ.

ಕಳೆದ ಗುಂಪಿನಲ್ಲಿ ಒಬ್ಬಳು ಹುಡುಗಿ ಎರಡು ತಿಂಗಳು ಖಾಲಿ ನೋಟ್‌ಬುಕ್ ತಂದಳು. "ಆಂಟಿ, ನಂಗೆ ಆಕ್ಟಿವಿಟೀಸ್ ಏನೂ ಇಲ್ಲ" ಅಂದಳು. ಸ್ಕೂಲಿಂದ ಬಂದ ಮೇಲೆ ಏನು ಮಾಡ್ತೀಯ ಅಂತ ಕೇಳಿದೆ. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಹಾಸನದಿಂದ ಬಂದಿದ್ದ ಅಜ್ಜಿಗೆ ಇಲ್ಲೇ ಲಕ್ವ ಹೊಡೆದಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಮೂರೂವರೆಯಿಂದ ಆರರವರೆಗೆ ಮಾತ್ರೆ, ಕೈಯ ವ್ಯಾಯಾಮ, ಫಿಸಿಯೋಥೆರಪಿಯವರು ಬಂದರೆ ಕನ್ನಡ ಇಂಗ್ಲಿಷ್ ಎರಡರ ನಡುವೆ ಮಾತು ದಾಟಿಸುವುದು. ಎಲ್ಲ ಅವಳೇ. "ಅದು ಮನೆ ಕೆಲಸ ಅಲ್ವಾ ಆಂಟಿ" ಅಂದಳು.

ನಾನು ಲ್ಯಾಪ್‌ಟಾಪ್ ತೆಗೆದು ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿ ಕಾಮನ್ ಆ್ಯಪ್ ತೋರಿಸಿದೆ. ಅಲ್ಲಿ ಚಟುವಟಿಕೆಗಳಿಗೆ 10 ಜಾಗ ಇದೆ. ಯಾವ ಬಗೆಯದು ಅಂತ ಆರಿಸುವ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿ ಅನ್ನುವುದೂ ಒಂದು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಏನೂ ಮಾತಾಡಲಿಲ್ಲ.

ಮುಂದಿನ ಸಲ ಬಂದಾಗ ನೋಟ್‌ಬುಕ್ಕಿನಲ್ಲಿ ಮೂರು ಪುಟ ತುಂಬಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದಳು. ಮಧ್ಯೆ ಮಧ್ಯೆ ಒಂದೊಂದು ಪದ ಮಾತ್ರ ಕನ್ನಡದಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ. ಅಜ್ಜಿ ಮತ್ತೆ ಹೇಳಲು ಕಲಿತ ಪದಗಳು, ಪಕ್ಕದಲ್ಲಿ ತಾರೀಕು. ಮೊದಲನೆಯದು "ನೀರು". ಎಂಟು ದಿನ ಬಿಟ್ಟು "ಸಾಕು". ಅದರ ಕೆಳಗೆ, ಎರಡು ಗೆರೆ ಎಳೆದು, ಅವಳದೇ ಹೆಸರು.