ನೆಟ್ ಮೀಟರ್ ಇಲ್ಲದಿದ್ದರೆ ಮಧ್ಯಾಹ್ನದ ಕರೆಂಟು ಏನಾಗುತ್ತದೆ?

ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ತೆಗೆದುಕೊಂಡದ್ದನ್ನೂ ಬೇರೆಬೇರೆ ಲೆಕ್ಕ ಇಡುವ ಮೀಟರೇ ನೆಟ್ ಮೀಟರ್. ನಮ್ಮ ಕಾಸರಗೋಡಿನ ಪೆರ್ಲದ ಕಡೆ ಈಗ ಮಾಡಿನ ಮೇಲೆ ಸೋಲಾರ್ ಹಾಕಿಸುವವರು ಜಾಸ್ತಿ. ತೋಟದ ಕೆಲಸದ ನಡುವೆ ನಾನೂ ಒಂದಿಷ್ಟು ವೈರಿಂಗ್ ಮಾಡುವವನಾದ್ದರಿಂದ ಎಲ್ಲರೂ ಕೇಳುವುದು ಒಂದೇ: “ಮಿಕ್ಕಿದ ಕರೆಂಟು ಎಲ್ಲಿಗೆ ಹೋಗ್ತದೆ ಮಾರಾಯ್ರೆ?”

ಲೈನಿಗೆ ಜೋಡಿಸದೆ ಬ್ಯಾಟರಿ ಮಾತ್ರ ಇರುವ ಆಫ್‌ಗ್ರಿಡ್ ಆದರೆ ಎಲ್ಲಿಗೂ ಹೋಗುವುದಿಲ್ಲ, ಹುಟ್ಟುವುದೇ ಇಲ್ಲ. ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ಕಂಟ್ರೋಲರ್ ಕರೆಂಟು ಎಳೆಯುವುದನ್ನು ತಗ್ಗಿಸುತ್ತದೆ. ಆಗ 12 ವೋಲ್ಟಿನ ಬ್ಯಾಟರಿಗೆ ಹಾಕುವ ಪ್ಯಾನೆಲಿನ ವೋಲ್ಟೇಜ್ 21ರ ಆಸುಪಾಸಿಗೆ ಏರುತ್ತದೆ. ಹೆದರಬೇಡಿ, ಏನೂ ಕೆಟ್ಟಿಲ್ಲ. ತೋಡಿನ ನೀರಿನಿಂದ ಕರೆಂಟು ತೆಗೆಯುವವರು ಮಿಕ್ಕಿದ್ದನ್ನು ಹೀಟರಿಗೆ ಬಿಟ್ಟು ಸುಡಬೇಕಾಗುತ್ತದೆ. ಸೋಲಾರಿಗೆ ಆ ತಲೆನೋವಿಲ್ಲ.

ತಲೆನೋವು ಇರುವುದು ಲೈನಿಗೆ ಜೋಡಿಸಿದ ಆನ್‌ಗ್ರಿಡ್‌ನಲ್ಲಿ. ಮಿಕ್ಕಿದ್ದು ಲೈನಿಗೆ ಹತ್ತಿ ಪಕ್ಕದ ಮನೆಯ ಮಿಕ್ಸಿ ತಿರುಗಿಸುತ್ತದೆ. ಅಷ್ಟೇ ಆದರೆ ಪುಣ್ಯ ಅನ್ನಬಹುದಿತ್ತು. ಆದರೆ ಎಷ್ಟೋ ಸಾದಾ ಎಲೆಕ್ಟ್ರಾನಿಕ್ ಮೀಟರುಗಳು ಕರೆಂಟು ಒಳಗೆ ಬಂದರೂ ಹೊರಗೆ ಹೋದರೂ ಯೂನಿಟ್ಟು ಕೂಡಿಸುತ್ತಲೇ ಇರುತ್ತವೆ. ಅಂದರೆ ನೀವು ಕೊಟ್ಟ ಕರೆಂಟಿಗೆ ನೀವೇ ದುಡ್ಡು ಕಟ್ಟುತ್ತೀರಿ! “ಮೀಟರ್ ಆಮೇಲೆ ಬರ್ತದೆ, ಈಗ ಆನ್ ಮಾಡಿಡಿ” ಅನ್ನುವವರ ಮಾತು ಕೇಳಬೇಡಿ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಒಪ್ಪಿಗೆ ಇಲ್ಲದೆ ಲೈನಿಗೆ ಜೋಡಿಸುವುದು ತಪ್ಪು ಕೂಡ.

ಆಗಲೇ ಜೋಡಿಸಿ ಆಗಿದ್ದರೆ ಹೀಗೆ ನೋಡಿ. ಒಳ್ಳೆ ಬಿಸಿಲಿಗೆ ಮನೆಯ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಇಳಿಸಿ, ಪ್ಯಾನೆಲಿನ ಕರೆಂಟನ್ನು ಮನೆಯ ಕರೆಂಟಾಗಿಸುವ ಸೋಲಾರ್ ಇನ್ವರ್ಟರಿನದ್ದು ಮಾತ್ರ ಆನ್ ಇರಲಿ. ರೀಡಿಂಗ್ ಬರೆದಿಟ್ಟು ಅರ್ಧ ಗಂಟೆ ಬಿಟ್ಟು ಬನ್ನಿ. ಕೆಂಪು ದೀಪ ಮಿಣುಕಿದ್ದಕ್ಕೆ ಲೆಕ್ಕ ಇಲ್ಲ, ಯೂನಿಟ್ಟಿನ ಅಂಕಿ ಏರಿದೆಯಾ ನೋಡಿ. ಏರಿದ್ದರೆ ಇನ್ವರ್ಟರ್ ಆಫ್ ಮಾಡಿ, ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೋಗಿ.

ನೆಟ್ ಮೀಟರ್ ಬೇಡವೇ ಬೇಡ ಅಂದರೆ ಲೈನಿಗೆ ಏನೂ ಬಿಡದ ಝೀರೋ ಎಕ್ಸ್‌ಪೋರ್ಟ್ ಇರುವ ಇನ್ವರ್ಟರ್ ಕೇಳಿ. ಇದಕ್ಕೂ ಒಪ್ಪಿಗೆ ಬೇಕು. ಮೀಟರಿನಿಂದ ಬರುವ ವೈರಿಗೆ ಬಳೆಯ ಹಾಗೆ ಕರೆಂಟು ಅಳೆಯುವ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕುತ್ತಾರೆ. ಅದರ ಅಳತೆ ನೋಡಿ ಮನೆಗೆ ಬೇಕಾದಷ್ಟನ್ನೇ ಇನ್ವರ್ಟರ್ ಉತ್ಪಾದಿಸುತ್ತದೆ. ಸಿಟಿ ಮೇಲಿನ ಬಾಣದ ಗುರುತು ತಿರುಗುಮುರುಗಾದರೆ ಎಲ್ಲ ಉಲ್ಟಾ: ಲೋಡ್ ಆಫ್ ಮಾಡಿದರೂ ಉತ್ಪಾದನೆ ಇಳಿಯದೆ ಏರುತ್ತಲೇ ಹೋಗುತ್ತದೆ. ಕೆಲಸದವರು ಹೊರಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಆಮೇಲೆ ಗೀಸರ್, ಗ್ರೈಂಡರ್, ವಾಷಿಂಗ್ ಮೆಷಿನ್ ಎಲ್ಲ ಹನ್ನೊಂದರಿಂದ ಎರಡರೊಳಗೆ, ಒಂದಾದ ಮೇಲೊಂದು. ಅಡಿಕೆ ತೋಟದ ಪಂಪಿಗೆ ಬೇರೆ ಕನೆಕ್ಷನ್ ಇದ್ದರೆ ಮನೆಯ ಸೋಲಾರ್ ಅದಕ್ಕೆ ಸಿಗುವುದಿಲ್ಲ, ನೆನಪಿರಲಿ.

ಎಷ್ಟು ಕಿಲೋವ್ಯಾಟ್ ಬೇಕು? ಎರಡು ತಿಂಗಳ ಬಿಲ್ಲಿನಲ್ಲಿ 240 ಯೂನಿಟ್ ಇದ್ದರೆ ದಿನಕ್ಕೆ 4. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್ ಅಷ್ಟು ಕೊಡುತ್ತದೆ. ಅದರಲ್ಲಿ ಅರ್ಧ ನೀವು ರಾತ್ರಿ ಉರಿಸುವುದಾದರೆ ನೆಟ್ ಮೀಟರ್ ಇಲ್ಲದೆ ಆ 1 ಕಿಲೋವ್ಯಾಟೇ ಜಾಸ್ತಿ. ಮೂರು ಹಾಕಿಸಿ ಅನ್ನುವವರಿಗೆ ಹಗಲಿನ ಲೆಕ್ಕ ಕೇಳಿ.