ಇಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ: ಎಂಬಿಎ ಓದುತ್ತಾ ಕೆಲಸ ಹುಡುಕುವ ಹೊಸಬರಿಗೆ

ಪ್ರತಿ ವರ್ಷ ಗಣೇಶನ ಹಬ್ಬದ ಆಸುಪಾಸಿನಲ್ಲಿ ಶಿಕಾಗೋಗೆ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಒಬ್ಬಿಬ್ಬರು ಸಿಗುತ್ತಾರೆ. ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಎದುರು ಕೂತು, ಊರು ಯಾವುದು, ಕಾಲೇಜು ಯಾವುದು ಎಂದೆಲ್ಲ ಮಾತಾದ ಮೇಲೆ ನಾನು ಕೇಳುತ್ತೇನೆ: "ಕೆಲಸ ಹುಡುಕೋಕೆ ಶುರು ಮಾಡಿದ್ರಾ?" ಬಹುಮಟ್ಟಿಗೆ ಒಂದೇ ಉತ್ತರ. "ಇಲ್ಲ ಅಣ್ಣ, ಈಗ ತಾನೇ ಬಂದಿದೀವಿ. ಮೊದಲು ಓದು ಒಂದು ಹದಕ್ಕೆ ಬರ್ಲಿ, ಆಮೇಲೆ ನೋಡೋಣ ಅಂತ."

ಈ ಮಾತು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2007ರಲ್ಲಿ ನಾನೂ ಇದನ್ನೇ ಹೇಳಿದ್ದೆ.

ಎರಡು ವರ್ಷದ ಎಂಬಿಎಯಲ್ಲಿ ಕೆಲಸದ ವಿಚಾರ ಬಹುಪಾಲು ನಿರ್ಧಾರವಾಗುವುದು ಮೊದಲ ಆರು ತಿಂಗಳಲ್ಲೇ. ಕನ್ಸಲ್ಟಿಂಗ್ ಕಂಪನಿಗಳು, ದೊಡ್ಡ ಬ್ಯಾಂಕುಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಅದೇ ಚಳಿಗಾಲದೊಳಗೆ ಆಯ್ಕೆ ಮುಗಿಸಿಬಿಡುತ್ತವೆ. ಬೇಸಿಗೆಯಲ್ಲಿ ಅವರಲ್ಲಿ ದುಡಿದವರಿಗೇ ಕಾಯಂ ಕೆಲಸ ಕೊಡುವುದು ಅವರ ರೂಢಿ. ನಾವು ಮೊದಲ ಪರೀಕ್ಷೆಗೆ ನೋಟ್ಸ್ ಮಾಡುತ್ತಾ ಕೂತಿರುವಾಗ ಪಕ್ಕದ ಬೆಂಚಿನವರು ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡುತ್ತಿರುತ್ತಾರೆ. ಆ ಬಾಗಿಲು ಮುಚ್ಚಿತು ಎಂದು ಕೈಚೆಲ್ಲಬೇಕಿಲ್ಲ. ಆಸ್ಪತ್ರೆಗಳು, ಕಾರ್ಖಾನೆಗಳು, ಮಧ್ಯಮ ಗಾತ್ರದ ಕಂಪನಿಗಳು ಜಾಗ ಖಾಲಿಯಾದಾಗ ಆಳು ಹುಡುಕುತ್ತವೆ, ಅದು ಫೆಬ್ರವರಿಯಿಂದ ಜೂನ್‌ವರೆಗೂ ನಡೆಯುತ್ತದೆ. ಆದರೆ ಅವರು ಕ್ಯಾಂಪಸ್ಸಿಗೆ ಬರುವುದಿಲ್ಲ, ನಾವೇ ಹೋಗಿ ಬಾಗಿಲು ತಟ್ಟಬೇಕು.

ಬಾಗಿಲು ತಟ್ಟುವುದೇ ನನಗೆ ಬಾರದ ವಿದ್ಯೆ. ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ವ್ಯಾಪಾರಿ. ಮಾಲು ಚೆನ್ನಾಗಿದ್ದರೆ ಕೊಳ್ಳುವವನು ತಾನಾಗಿ ಬರುತ್ತಾನೆ ಎಂಬುದು ನಮ್ಮ ಮನೆಯ ಗೋಡೆಗಳಿಗೂ ಗೊತ್ತಿದ್ದ ಮಾತು. ಡಿಸ್ಟಿಂಕ್ಷನ್ನಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ದುಡಿದು ಬಂದ ನಾನು ಒಳ್ಳೆ ಮಾಲು ಎಂದುಕೊಂಡಿದ್ದೆ.

ಮೊದಲ ವರ್ಷದ ಜನವರಿಯಲ್ಲಿ ಒಬ್ಬ ಹಳೆ ವಿದ್ಯಾರ್ಥಿ ಶಿಕಾಗೋ ನಡುಪೇಟೆಯಾದ ಲೂಪ್‌ನ ಕಾಫಿ ಅಂಗಡಿಯೊಂದಕ್ಕೆ ಬರಲು ಹೇಳಿದರು. ಅವರೊಂದು ದೊಡ್ಡ ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದವರು. ಹೊರಗೆ ಹಿಮ ಬೀಳುತ್ತಿತ್ತು, ನಾನು ರೆಸ್ಯೂಮನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಕೋಟಿನೊಳಗೆ ಎದೆಗವಚಿಕೊಂಡು ಹೋಗಿದ್ದೆ. ಅರ್ಧ ಗಂಟೆ ಚೆನ್ನಾಗಿ ಮಾತಾಡಿದರು. ಕೊನೆಗೆ, ನನ್ನಿಂದ ಏನಾದರೂ ಸಹಾಯ ಬೇಕಾ ಅಂದರು. "ಏನಿಲ್ಲ ಸರ್, ನೀವು ಸಮಯ ಕೊಟ್ಟಿದ್ದೇ ದೊಡ್ಡದು" ಅಂದೆ. ಅವರು ನಕ್ಕು, ಕೈಕುಲುಕಿ, ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಫೈಲು ನನ್ನ ತೊಡೆಯ ಮೇಲೇ ಇತ್ತು.

ನಾನು ಯಾಕೆ ಹಾಗಂದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಂಕ್ತಿಯಲ್ಲಿ ಕೂತಾಗ ಹೋಳಿಗೆ ಬಡಿಸುವವರು ಬಂದರೆ ಮೊದಲು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. "ಸಾಕು, ಸಾಕು." ಅವರು ಬಿಡುವುದಿಲ್ಲ. "ಒಂದೇ ಒಂದು, ನನಗೋಸ್ಕರ." ಎರಡನೇ ಸಲ, ಮೂರನೇ ಸಲ ಒತ್ತಾಯ ಮಾಡಿದ ಮೇಲೆ ಕೈ ತೆಗೆಯುತ್ತೇವೆ. ಬೇಡ ಅನ್ನುವುದು ನಮ್ಮ ಮರ್ಯಾದೆ, ಬಿಡದೆ ಬಡಿಸುವುದು ಅವರ ಮರ್ಯಾದೆ. ಆ ಕಾಫಿ ಅಂಗಡಿಯಲ್ಲಿ ನಾನು ಎಲೆಗೆ ಕೈ ಅಡ್ಡ ಹಿಡಿದಿದ್ದೆ ಅಷ್ಟೆ. ಈ ದೇಶದಲ್ಲಿ ಬೇಡ ಅಂದರೆ ಬೇಡ. ಅವರ ಲೆಕ್ಕದಲ್ಲಿ ಮತ್ತೆ ಮತ್ತೆ ಕೇಳಿದರೆ ಅದು ಅಗೌರವ. ತಪ್ಪು ಅವರದಲ್ಲ. ಆದರೆ ಇದು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು, ನಿಮಗೆ ಅಷ್ಟು ಪುರಸೊತ್ತಿಲ್ಲ. ಸಹಾಯ ಬೇಕಾ ಅಂತ ಕೇಳಿದರೆ ಏನು ಬೇಕು ಅಂತ ಹೋಗುವ ಮುಂಚೆಯೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. "ನಿಮ್ಮ ಸಪ್ಲೈ ಚೈನ್ ವಿಭಾಗದಲ್ಲಿ ಯಾರ ಜೊತೆ ಮಾತಾಡಬಹುದು?" ಇಷ್ಟೇ ಸಾಕು. ಮನೆಗೆ ಹೋಗಿ ಅದೇ ದಿನ ಎರಡು ಸಾಲಿನ ಧನ್ಯವಾದದ ಇಮೇಲ್ ಕಳಿಸಿ.

ಮಾತಿನ ಇನ್ನೊಂದು ಮುಖವೂ ಇದೆ. 2008ರ ಬೇಸಿಗೆಯಲ್ಲಿ ಒಂದು ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಕೊನೆಯ ದಿನ ಮ್ಯಾನೇಜರ್ ಬೆನ್ನು ತಟ್ಟಿ, ನೀನು ವಾಪಸ್ ಬಂದರೆ ನಮಗೆಲ್ಲ ತುಂಬಾ ಖುಷಿ ಅಂದರು. ಅದೇ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೆಲಸ ಸಿಕ್ಕಿತು ಅಂದೆ. ಹಿರಿಯರು ಬಾಯಿಬಿಟ್ಟು ಹೇಳಿದ ಮೇಲೆ ಅದು ಕೊಟ್ಟ ಮಾತು ಅಂತಲೇ ನಂಬಿದ್ದೆ. ಅದು ಬೀಳ್ಕೊಡುವಾಗಿನ ಸೌಜನ್ಯ. ಸಹಿ ಹಾಕಿದ ಆಫರ್ ಲೆಟರ್ ಕೈಗೆ ಬರುವವರೆಗೆ ಕೆಲಸ ಸಿಕ್ಕಿಲ್ಲ, ಹುಡುಕುವುದನ್ನು ಒಂದು ದಿನವೂ ನಿಲ್ಲಿಸಬೇಡಿ.

ಅದೇ ಆಗಸ್ಟ್ ಕೊನೆಗೆ ಶಿಕಾಗೋದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ನಾನು ಊಟದ ವಿಭಾಗದ ಸ್ವಯಂಸೇವಕ. ಅಮೆರಿಕದ ಮೂಲೆಮೂಲೆಯಿಂದ ಬಂದ ಕನ್ನಡಿಗರಿಗೆ ಮೂರು ದಿನ ಅನ್ನ ಸಾರು ಬಡಿಸಿದೆ. ಅವರಲ್ಲಿ ಎಷ್ಟು ಜನ ಡೈರೆಕ್ಟರುಗಳು, ಡಾಕ್ಟರುಗಳು, ಸ್ವಂತ ಕಂಪನಿ ಕಟ್ಟಿದವರು! ಒಬ್ಬರನ್ನೂ ನಾನು ಕೆಲಸದ ಬಗ್ಗೆ ಒಂದು ಮಾತು ಕೇಳಲಿಲ್ಲ. ನಮ್ಮವರ ಹತ್ತಿರ ಹೇಗೆ ಕೇಳುವುದು, ಏನೆಂದುಕೊಂಡಾರು ಎಂಬ ಸಂಕೋಚ. ದಾವಣಗೆರೆ ಕಡೆಯ ಒಬ್ಬ ಅಕ್ಕ ಮಾತ್ರ ಪಾತ್ರೆ ಎತ್ತಿಡುವಾಗ ತಾವೇ ಕೇಳಿದರು. "ಏನು ಓದ್ತಿದೀಯಪ್ಪ? ಕೆಲಸ ಗೊತ್ತಾಯ್ತಾ?" ಬ್ಯಾಂಕಿನಲ್ಲಿ ಆಗಿದೆ ಅಕ್ಕ ಅಂದೆ. "ಆದ್ರೂ ನನ್ನ ನಂಬರ್ ಇಟ್ಕೊ" ಅಂತ ಬಲವಂತವಾಗಿ ಬರೆಸಿದರು.

ಎರಡು ವಾರ ಕಳೆಯಿತು. ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿಯಾಯಿತು. ನವೆಂಬರಿನಲ್ಲಿ ನನ್ನ ಮ್ಯಾನೇಜರಿನಿಂದ ಕೆಲಸವಿಲ್ಲ ಎಂಬ ನಾಲ್ಕು ಸಾಲಿನ ಇಮೇಲ್ ಬಂತು. 2009ರ ಫೆಬ್ರವರಿಯಲ್ಲಿ, ಸರ್ಕಾರದ ಹಣ ಪಡೆದ ಬ್ಯಾಂಕುಗಳು ಎಚ್1ಬಿ ಎಂಬ ವಿದೇಶಿಯರ ಕೆಲಸದ ವೀಸಾ ಮೇಲೆ ಆಳು ತೆಗೆದುಕೊಳ್ಳುವುದಕ್ಕೂ ಕಾನೂನಿನ ಕಟ್ಟು ಬಿತ್ತು. ಆ ವರ್ಷ ಅಕ್ಟೋಬರಿಗೆ ಇಲ್ಲಿನ ನಿರುದ್ಯೋಗ ಶೇ. 10ಕ್ಕೆ ಏರಿತು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಓದು ಮುಗಿದ ಮೇಲೆ ಸ್ವಲ್ಪ ಕಾಲ ಇಲ್ಲೇ ಕೆಲಸ ಮಾಡಲು ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವ ಅನುಮತಿಯೇ ಓಪಿಟಿ. ಅದರ ಅರ್ಜಿಯನ್ನು ಕೋರ್ಸ್ ಮುಗಿಯುವ ದಿನಕ್ಕೆ 90 ದಿನ ಮೊದಲಿನಿಂದ ಹಾಕಬಹುದು, ಮುಗಿದ ಮೇಲೆ 60 ದಿನದವರೆಗೂ ಅವಕಾಶವಿದೆ, ಆದರೆ ಮೊದಲ ವಾರವೇ ಹಾಕಿ. ಓಪಿಟಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಕಾಲೇಜು ಕೊಟ್ಟ ಐ-20 ಪತ್ರದಲ್ಲಿ ನಿಮ್ಮ ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯದ್ದೇ ಎಂದು ಈಗಲೇ ನೋಡಿ, ಆಗಿದ್ದರೆ ಓಪಿಟಿ ಇನ್ನೂ 24 ತಿಂಗಳು ಸಿಗುತ್ತದೆ. ಎಚ್1ಬಿ ವರ್ಷಕ್ಕೆ 85,000, ಅದರಲ್ಲಿ 20,000 ಇಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ. ವಿಶ್ವವಿದ್ಯಾಲಯಗಳಿಗೂ ಅವಕ್ಕೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೂ ಈ ಮಿತಿ ಇಲ್ಲ, ಇದನ್ನು ನಮ್ಮವರು ಯಾರೂ ಮೊದಲೇ ಯೋಚಿಸುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ, ವಾಟ್ಸಾಪನ್ನಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಎಂಬ ಘೋಷಣೆ ಬಂದ ರಾತ್ರಿ ಎಷ್ಟು ಮಕ್ಕಳು ಅತ್ತುಕೊಂಡು ನನಗೆ ಫೋನ್ ಮಾಡಿದರು! ಇಲ್ಲೇ ಇದ್ದು ವೀಸಾ ಸ್ಟೇಟಸ್ ಬದಲಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದು ಎಂದು ಮುಂದಿನ ತಿಂಗಳು ಸರ್ಕಾರವೇ ಸ್ಪಷ್ಟಪಡಿಸಿತು.

ರೆಸ್ಯೂಮಿನಿಂದ ತಂದೆಯ ಹೆಸರು, ಹುಟ್ಟಿದ ದಿನ, ಫೋಟೋ, ಮದುವೆಯ ವಿವರ ತೆಗೆದುಹಾಕಿ, ಒಂದೇ ಪುಟಕ್ಕೆ ಇಳಿಸಿ. ವಿಟಿಯುನಲ್ಲಿ 74 ಪರ್ಸೆಂಟ್ ಬಂದಿದ್ದರೆ ಆ ಅಂಕೆ ಬರೆಯಬೇಡಿ, ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್ ಅಂತ ಬರೆಯಿರಿ. ಇಲ್ಲಿನವರ ಕಣ್ಣಿಗೆ 74 ಎಂದರೆ ಹಿಂದಿನ ಬೆಂಚಿನ ಹುಡುಗ. ಫೋನಿನಲ್ಲಿ ವಾಯ್ಸ್‌ಮೇಲ್ ಸಿದ್ಧ ಮಾಡಿಡಿ. ಊರಲ್ಲಿ ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡುತ್ತೇವೆ, ಇಲ್ಲಿ ನೇಮಕಾತಿಯವರು ಸಂದೇಶ ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತಾರೆ.

ಸ್ಪಾನ್ಸರ್‌ಶಿಪ್ ಬೇಕೇ, ಅಂದರೆ ಕಂಪನಿಯೇ ವೀಸಾ ಮಾಡಿಸಬೇಕೇ ಎಂಬ ಪ್ರಶ್ನೆಗೆ ಎಲ್ಲ ಅರ್ಜಿಯಲ್ಲೂ ನಿಜವನ್ನೇ ಬರೆಯಿರಿ. ನಾನು ಒಂದು ಕಡೆ ಮೂರು ಸುತ್ತಿನ ಸಂದರ್ಶನ ಮುಗಿಯುವವರೆಗೂ ಆ ಮಾತು ಎತ್ತದೆ ಇದ್ದೆ, ನಾನು ಹಿಡಿಸಿದರೆ ದಾರಿ ಮಾಡುತ್ತಾರೆ ಎಂಬ ಆಸೆಯಿಂದ. ಹೇಳಿದ ಮರುದಿನವೇ ಅವರ ಬಾಗಿಲು ಮುಚ್ಚಿತು. ಹುದ್ದೆ ಹೋಗಿದ್ದಕ್ಕಿಂತ, ಮೊದಲೇ ಹೇಳಬಹುದಿತ್ತಲ್ಲ ಎಂದು ಸಂದರ್ಶನ ಮಾಡಿದಾಕೆ ಬೇಸರದಿಂದ ಅಂದದ್ದು ಹೆಚ್ಚು ನೋಯಿಸಿತು. ಯಾವ ಕಂಪನಿ ಎಷ್ಟು ಜನರಿಗೆ ಎಚ್1ಬಿ ಮಾಡಿಸಿದೆ ಎಂಬುದನ್ನು ಇಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಅದನ್ನು ನೋಡಿ, ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿ.

ಮೇನಲ್ಲಿ ನನ್ನ ಪದವಿ ಮುಗಿಯಿತು. ಜೂನ್ 1ರಿಂದ ಓಪಿಟಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಆ ಮೊದಲ ವಾರವೇ ತಂಗಿಯ ಮದುವೆ. ಕೆಲಸದ ಪತ್ರವಿಲ್ಲದೆ ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ ಎಂದು ಕಚೇರಿಯವರು ಎಚ್ಚರಿಸಿದ್ದರು, ಹೋಗಲಿಲ್ಲ. ಮನೆಯಲ್ಲಿ ನಿಜ ಹೇಳಲಿಲ್ಲ, ಬ್ಯಾಂಕಿನಲ್ಲಿ ರಜೆ ಕೊಡಲಿಲ್ಲ ಅಂದೆ. ಲಾಜಾಹೋಮದಲ್ಲಿ ತಂಗಿಯ ಬೊಗಸೆಗೆ ಅರಳು ಹಾಕಬೇಕಾದವನು ನಾನು. ಚಿಕ್ಕಪ್ಪನ ಮಗ ಹಾಕಿದ. ಮದುವೆಯ ಸಿ.ಡಿ. ಬಂದಾಗ ಆ ಭಾಗ ನೋಡಿದೆ: ಅವಳು ಬೊಗಸೆ ಚಾಚಿಕೊಂಡು, ಅರಳು ಬೀಳುವ ಮುಂಚೆ ಒಂದು ಕ್ಷಣ ತಲೆಯೆತ್ತಿ ಪಕ್ಕಕ್ಕೆ ನೋಡುತ್ತಾಳೆ. ಹದಿನಾರು ವರ್ಷದ ಮೇಲೂ ಅದು ನನ್ನ ಕಣ್ಣಿಂದ ಹೋಗಿಲ್ಲ. ಮೊದಲೇ ಹುಡುಕಿದ್ದರೆ, ಕೇಳಬೇಕಾದಲ್ಲಿ ಕೇಳಿದ್ದರೆ, ಆಫರ್ ಲೆಟರ್ ಜೇಬಿನಲ್ಲಿಟ್ಟುಕೊಂಡು ಹೋಗಿಬರುತ್ತಿದ್ದೆ. ಮನೆಯವರಿಂದ ಮುಚ್ಚಿಡಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕೇ.

ಜುಲೈನಲ್ಲಿ ಒಂದು ರಾತ್ರಿ ತಡೆಯಲಾರದೆ ಅಪ್ಪನಿಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರನ್ನಾದ್ರೂ ಕೇಳಿದ್ಯಾ?" ಅಂದರು. ಇಲ್ಲ ಅಂದೆ. ಮಾಲು ಚೆನ್ನಾಗಿದ್ದರೆ ಕೊಳ್ಳುವವನು ಬರುತ್ತಾನೆ ಅಂತ ನೀವೇ ಹೇಳುತ್ತಿದ್ದಿರಲ್ಲ ಅಂದೆ. "ಬರ್ತಾನೆ ಕಣೋ, ಮಂಡಿಗೆ ಬರ್ತಾನೆ. ಅಟ್ಟಕ್ಕೆ ಹತ್ತಿ ನೋಡಲ್ಲ. ಅಟ್ಟದಿಂದ ಇಳಿಸಿ, ಸುಲಿದು, ಚೀಲಕ್ಕೆ ತುಂಬಿ ಮಂಡಿಗೆ ಹಾಕೋದು ನಮ್ಮ ಕೆಲಸ ಅಲ್ವಾ?"

ಮರುದಿನ ದಾವಣಗೆರೆ ಅಕ್ಕನಿಗೆ ಫೋನ್ ಮಾಡಿದೆ. ಹತ್ತು ತಿಂಗಳು ಸುಮ್ಮನಿದ್ದು ಈಗ ನೆನಪಾಯಿತಾ ಎಂದು ಅವರು ಒಂದು ಮಾತೂ ಆಡಲಿಲ್ಲ. ಶನಿವಾರ ನೇಪರ್ವಿಲ್‌ಗೆ ರೈಲಿನಲ್ಲಿ ಬಾ, ಭಾವ ಸ್ಟೇಷನ್ನಿಗೆ ಬರ್ತಾರೆ ಅಂದರು. ಅವರು ವಿಶ್ವವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಯೊಂದರ ಖರೀದಿ ವಿಭಾಗದಲ್ಲಿದ್ದರು. ಕೆಲಸ ಕೊಡಿಸುವುದು ನನ್ನ ಕೈಲಿಲ್ಲ, ರೆಸ್ಯೂಮ್ ಮುಟ್ಟಿಸ್ತೀನಿ, ಮಾತು ನೀನೇ ಆಡಬೇಕು ಎಂದು ಮೊದಲೇ ಹೇಳಿದರು. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ ಎಲೆ ಬಿಡಿಸುತ್ತಾ ಪ್ರಶ್ನೆ ಕೇಳತೊಡಗಿದರು. ಹಿಂದಿನ ಕೆಲಸದಲ್ಲಿ ಏನು ಮಾಡಿದೆ ಹೇಳು. ನಾನು ಹೇಳುತ್ತಾ ಹೋದೆ. ಪೀಣ್ಯದ ಕಾರ್ಖಾನೆಯೊಂದಕ್ಕೆ ನಾವು ಸ್ಟಾಕ್ ಎಣಿಸುವ ವ್ಯವಸ್ಥೆ ಬರೆದೆವು, ನಾವು ಮೂರು ದಿನದ ಕೆಲಸವನ್ನು ಒಂದು ದಿನಕ್ಕೆ ತಂದೆವು, ನಾವು ಹೀಗೆ ಮಾಡಿದೆವು. ಅವರು ಆಗಾಗ ಒಂದೊಂದು ಕಡ್ಡಿಯನ್ನು ಬೇರೆ ತಟ್ಟೆಗೆ ಹಾಕುತ್ತಿದ್ದರು. ಮುಗಿದ ಮೇಲೆ ತಟ್ಟೆ ನನ್ನ ಕಡೆ ತಳ್ಳಿದರು. ಹತ್ತೊಂಬತ್ತು ಕಡ್ಡಿ. "ಹತ್ತೊಂಬತ್ತು ಸಲ ನಾವು ಅಂದೆ. ಅದರಲ್ಲಿ ನೀನ್ಯಾರಪ್ಪ? ನಾನು ಯಾರಿಗೆ ಕೆಲಸ ಕೊಡ್ಲಿ?"

ನಾನು ಅನ್ನುವುದು ಅಹಂಕಾರ ಎಂದು ಕಲಿತು ಬಂದ ನಾಲಿಗೆ. ಸಂಜೆಯವರೆಗೂ ಕೂರಿಸಿ ಹೇಳಿಸಿದರು. ಎಣಿಕೆಯ ತಪ್ಪು ಎಲ್ಲಿದೆ ಎಂದು ಗೋದಾಮಿನಲ್ಲಿ ಎರಡು ರಾತ್ರಿ ಕೂತು ಕಂಡುಹಿಡಿದವನು ನಾನು. ಅದು ಸುಳ್ಳಲ್ಲವಲ್ಲ, ಹೇಳು ಅಂದರು. ಮೂರನೇ ಸಲ ಹೇಳುವಾಗ ಗಂಟಲು ಕಟ್ಟಿತು. ಆಗಸ್ಟ್ 17ಕ್ಕೆ ಕೆಲಸಕ್ಕೆ ಸೇರಿದೆ. ಕ್ಯಾಲೆಂಡರಿನಲ್ಲಿ 77 ಗೀಟುಗಳಿದ್ದವು.

ನನ್ನ ಮಗಳಿಗೀಗ ಹನ್ನೆರಡು. ಕನ್ನಡ ಕಲಿ ತರಗತಿಯಲ್ಲಿ ಸಂಕೋಚ ಎಂಬ ಪದ ಬಂತಂತೆ, ಅರ್ಥ ಕೇಳಿದಳು. ನಾಚಿಕೆ ಅಲ್ಲ ಅಂದೆ, ಹೆದರಿಕೆಯೂ ಅಲ್ಲ ಅಂದೆ, ಎದುರಿನವರಿಗೆ ಭಾರವಾಗಬಾರದು ಅನ್ನುವ ಎಚ್ಚರ ಅಂದೆ. ಅವಳಿಗೆ ತಿಳಿಯಲಿಲ್ಲ. ಕಳೆದ ಬೇಸಿಗೆಯಲ್ಲಿ ತಿಪಟೂರಿಗೆ ಹೋದಾಗ ಅಮ್ಮ ಹೋಳಿಗೆ ಬಡಿಸುತ್ತಾ ಇನ್ನೊಂದು ಬೇಕಾ ಅಂದರು. ಮಗಳು ಸಾಕು ಅಜ್ಜಿ ಅಂದಳು, ಅವಳಿಗೆ ನಿಜವಾಗಿಯೂ ಸಾಕಾಗಿತ್ತು. ಅಮ್ಮ ಬಿಡದೆ ಹಾಕಿದರು. ಮಗಳು ಎಲೆಯನ್ನೂ ನನ್ನನ್ನೂ ನೋಡಿದಳು, ಸಾಕು ಅಂದೆನಲ್ಲ ಎಂಬಂತೆ. ಅಮ್ಮನ ಮುಖ ಸಪ್ಪಗಾಯಿತು. ಇಬ್ಬರ ನಡುವೆ ಕೂತು ನಾನು ಆ ಹೋಳಿಗೆ ತಿಂದೆ. ಕೇಳಿ ಪಡೆಯುವುದನ್ನು ಅವಳಿಗೆ ಕಲಿಸಬೇಕಾಗಿಲ್ಲ, ಅದಕ್ಕೆ ಸಂತೋಷವಿದೆ. ಒತ್ತಾಯದ ರುಚಿ ಅವಳಿಗೆ ಹೇಗೆ ಕೊಡುವುದು ಎಂದು ನನಗೆ ತಿಳಿದಿಲ್ಲ.

ಅಕ್ಕ ಈಗ ನಿವೃತ್ತರು, ಮಗನ ಜೊತೆ ಬೇರೆ ಊರಿನಲ್ಲಿದ್ದಾರೆ. ಶನಿವಾರಗಳು ಈಗ ನಮ್ಮ ಮನೆಯಲ್ಲಿ ನಡೆಯುತ್ತವೆ. ಇಲ್ಲಿನ ಕನ್ನಡ ಕೂಟದ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ರೆಸ್ಯೂಮ್ ತನ್ನಿ, ಹಸಿದುಕೊಂಡು ಬನ್ನಿ. ಸೊಪ್ಪು ಬಿಡಿಸಲು ನಾನಿದ್ದೇನೆ, ಮಾತು ನೀವು ಆಡಿ. ಬರಲ್ಲ ಅಂದವರಿಗೆ ನಾನು ಇನ್ನೊಮ್ಮೆ ಫೋನ್ ಮಾಡುತ್ತೇನೆ.