ಬಿಸಿ ತಾಗಿಸದೆ ಗುಂಗುರು: ಬಾಂಟು ಗಂಟು ಹಾಕುವ ಕ್ರಮ

ರಾತ್ರಿ ಮಲಗುವ ಮುನ್ನ ತಲೆಯ ಮೇಲೆ ಹತ್ತು ಹನ್ನೆರಡು ಪುಟ್ಟ ಗಂಟುಗಳನ್ನು ಹಾಕಿಕೊಂಡು, ಬೆಳಿಗ್ಗೆ ಅವುಗಳನ್ನು ಒಂದೊಂದಾಗಿ ಬಿಚ್ಚಿದರೆ, ಕಾದ ಕರ್ಲಿಂಗ್ ರಾಡ್ ಒಮ್ಮೆಯೂ ಸೋಕದ ಗುಂಗುರು ಕೂದಲು ಭುಜದ ಮೇಲೆ ಇಳಿಯುತ್ತದೆ. ಈ ವಿಧಾನಕ್ಕೆ ಬಾಂಟು ನಾಟ್ಸ್, ಎಂದರೆ ಬಾಂಟು ಗಂಟು, ಎಂದು ಹೆಸರು. ಆಫ್ರಿಕಾದಲ್ಲಿಯೂ, ಆಫ್ರಿಕಾ ಮೂಲದ ಜನ ನೆಲೆಸಿರುವ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಲ್ಲಿಯೂ ಇದು ತಾಯಿ ಮಗಳ ತಲೆ ಬಾಚುತ್ತಲೇ ಕಲಿಸುವ ಮನೆಯ ವಿದ್ಯೆ. ನೋಡಲು ಸರಳ, ಆದರೆ ಎರಡು ವಿಷಯಗಳಲ್ಲಿ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಗಂಟಿನ ಒಡಲು ಪೂರ್ತಿ ಒಣಗುವ ಮೊದಲು ಬಿಚ್ಚಬಾರದು. ಬಿಗಿಯನ್ನು ಕೂದಲಿನ ಉದ್ದಕ್ಕೆ ಕೊಡಬೇಕೇ ಹೊರತು ಬುಡದ ಚರ್ಮಕ್ಕೆ ಕೊಡಬಾರದು.

ಹೆಸರಿನ ಬಗ್ಗೆ ಮೊದಲು ನಾಲ್ಕು ಮಾತು ಹೇಳಲೇಬೇಕು. ಕ್ಯಾಮರೂನಿನಿಂದ ದಕ್ಷಿಣ ಆಫ್ರಿಕಾದವರೆಗೆ ಹರಡಿರುವ ನೂರಾರು ಭಾಷೆಗಳ ಒಂದು ದೊಡ್ಡ ಬಳಗಕ್ಕೆ ಬಾಂಟು ಎಂಬ ಹೆಸರನ್ನು 19ನೆಯ ಶತಮಾನದಲ್ಲಿ ರೂಢಿಗೆ ತಂದವನು ಜರ್ಮನ್ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕ್. ಸ್ವಾಹಿಲಿ, ಜುಲು, ಷೋನಾ, ಕಿಕುಯು ಎಲ್ಲವೂ ಈ ಬಳಗದವು. ಜುಲು ಭಾಷೆಯಲ್ಲಿ ‘ಉಮುಂಟು’ ಎಂದರೆ ಮನುಷ್ಯ, ‘ಅಬಾಂಟು’ ಎಂದರೆ ಜನರು. ಇಷ್ಟು ಸಹಜವಾದ ಪದವನ್ನು ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರವು 1953ರ ಬಾಂಟು ಶಿಕ್ಷಣ ಕಾಯಿದೆಯಂಥ ಕಾನೂನುಗಳ ಮೂಲಕ ಕಪ್ಪು ಜನರನ್ನು ದೂರವಿಡುವ ಹಣೆಪಟ್ಟಿಯಾಗಿ ಬಳಸಿತು. ಆದ್ದರಿಂದ ಅಲ್ಲಿ ಯಾರನ್ನಾದರೂ ‘ಬಾಂಟು’ ಎಂದು ಕರೆಯುವುದು ಇಂದಿಗೂ ನೋವಿನ ಮಾತು. ಈ ಕೇಶವಿನ್ಯಾಸಕ್ಕೆ ಜುಲು ಗಂಟು ಎಂಬ ಇನ್ನೊಂದು ಹೆಸರೂ ಇದೆ. ಜಮೈಕಾದಲ್ಲಿ ಇದನ್ನು ಚೈನಿ ಬಂಪ್ಸ್ ಎನ್ನುತ್ತಾರೆ. 2015ರಲ್ಲಿ ಫ್ಯಾಷನ್ ಪ್ರದರ್ಶನವೊಂದರ ರೂಪದರ್ಶಿಯರ ತಲೆಯ ಮೇಲೆ ಇವೇ ಗಂಟುಗಳನ್ನು ಕಂಡವರು ‘ಮಿನಿ ಬನ್’ ಎಂಬ ಹೊಸ ಹೆಸರಿಟ್ಟು ಹೊಗಳಿದಾಗ ಕಪ್ಪು ಮಹಿಳೆಯರು ಬಲವಾಗಿ ಆಕ್ಷೇಪಿಸಿದರು. ಅವರ ಆಕ್ಷೇಪ ನ್ಯಾಯವಾದದ್ದು. ತಮ್ಮ ಸಹಜ ಕೂದಲನ್ನು ಕಟ್ಟಿಕೊಂಡು ಶಾಲೆಗೋ ಕೆಲಸಕ್ಕೋ ಹೋದುದಕ್ಕೆ ಬೈಗುಳ ತಿಂದವರು ಅವರು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ನಗರದ ಬಾಲಕಿಯರ ಶಾಲೆಯೊಂದರ ವಿದ್ಯಾರ್ಥಿನಿಯರು ಕೂದಲಿನ ನಿಯಮಗಳ ವಿರುದ್ಧ 2016ರಲ್ಲಿ ಪ್ರತಿಭಟಿಸಬೇಕಾಯಿತು; ಕೂದಲಿನ ಸ್ವರೂಪದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ನಿಷೇಧಿಸುವ ಕ್ರೌನ್ ಕಾಯಿದೆ ಅಮೆರಿಕದಲ್ಲಿ ಮೊದಲು ಬಂದದ್ದು 2019ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಈ ಗಂಟನ್ನು ಯಾರು ಹಾಕಿಕೊಂಡರೂ ಅದರ ಹೆಸರನ್ನು ಉಳಿಸಿಕೊಂಡೇ ಹಾಕಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು, ಬಿಸಿಯಿಲ್ಲದೆ ಸುರುಳಿ ನಿಲ್ಲುವುದು ಹೇಗೆ ಎಂಬುದನ್ನು ತಿಳಿದರೆ ಮುಂದಿನ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ. ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಆಕಾರವನ್ನು ಹಿಡಿದಿಡುವ ಬಂಧಗಳಲ್ಲಿ ಒಂದು ಬಗೆಯವು ಬಲವಾದ ಗಂಧಕದ ಬಂಧಗಳು. ಅವನ್ನು ಮುರಿಯಲು ಪಾರ್ಲರಿನಲ್ಲಿ ಬಳಸುವ ತೀಕ್ಷ್ಣ ರಾಸಾಯನಿಕಗಳೇ ಬೇಕು. ಇನ್ನೊಂದು ಬಗೆಯವು ಹೈಡ್ರೋಜನ್ ಬಂಧಗಳು. ಇವು ನೀರು ತಾಗಿದೊಡನೆ ಸಡಿಲಗೊಂಡು, ಒಣಗುವಾಗ ಕೂದಲು ಯಾವ ಆಕಾರದಲ್ಲಿರುತ್ತದೆಯೋ ಆ ಆಕಾರದಲ್ಲಿಯೇ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಕೂದಲನ್ನು ಜಡೆ ಹೆಣೆದು ಮಲಗಿದವರ ಕೂದಲು ಬೆಳಿಗ್ಗೆ ಅಲೆ ಅಲೆಯಾಗಿ ಬರುವುದು ಇದೇ ಕಾರಣಕ್ಕೆ. 180ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಯಂತ್ರಗಳು ಈ ಕೆಲಸವನ್ನು ಕ್ಷಣದಲ್ಲಿ ಮಾಡುತ್ತವೆ ನಿಜ, ಆದರೆ ಅಷ್ಟು ಬಿಸಿಗೆ ಪದೇ ಪದೇ ಒಡ್ಡಿದ ಕೂದಲಿನ ಹೊರಪದರ ಬಿರುಕು ಬಿಟ್ಟು ತುದಿ ಸೀಳುತ್ತದೆ. ಗಂಟಿನ ವಿಧಾನ ಬಿಸಿಯ ಬದಲು ಸಮಯವನ್ನು ಕೇಳುತ್ತದೆ.

ಈ ವಿಧಾನ ಹುಟ್ಟಿದ್ದು ಬಿಗಿ ಗುಂಗುರಿನ ಆಫ್ರಿಕನ್ ಕೂದಲಿಗಾಗಿ. ಅಂಥ ಕೂದಲು ಒಣಗುವಾಗ ತನ್ನ ನಿಜವಾದ ಉದ್ದದ ಅರ್ಧಕ್ಕಿಂತಲೂ ಕಡಿಮೆಗೆ ಕುಗ್ಗಬಲ್ಲದು. ಚರ್ಮದಲ್ಲಿ ಒಸರುವ ಜಿಡ್ಡು ಅಷ್ಟೆಲ್ಲ ತಿರುವುಗಳನ್ನು ದಾಟಿ ತುದಿ ಮುಟ್ಟಲಾರದ್ದರಿಂದ ಸದಾ ಒಣಗಿಕೊಂಡಿದ್ದು, ಪ್ರತಿ ತಿರುವಿನಲ್ಲಿಯೂ ಮುರಿಯುವ ಭಯವಿರುತ್ತದೆ. ಗಂಟು ಕಟ್ಟಿದಾಗ ಎಳೆ ಹಿಗ್ಗಿ ನಿಲ್ಲುತ್ತದೆ, ತುದಿಗಳು ಒಳಗೆ ಮುಚ್ಚಿಹೋಗಿ ಉಜ್ಜಾಟದಿಂದ ಪಾರಾಗುತ್ತವೆ. ಹಾಗಾಗಿ ಅಲ್ಲಿ ಗಂಟುಗಳೇ ಒಂದು ಅಲಂಕಾರ. ಹಲವು ದಿನ ಹಾಗೆಯೇ ಇಟ್ಟುಕೊಂಡು, ಆಮೇಲೆ ಬಿಚ್ಚಿ ಗುಂಗುರನ್ನು ಇನ್ನಷ್ಟು ದಿನ ಧರಿಸುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದವರ ಪೂರ್ವಜರೂ ಆಫ್ರಿಕಾದಿಂದ ಬಂದವರೇ, ಅವರ ಮೂಲ ಬಾಂಟು ಭಾಷಿಕ ಜನರಲ್ಲಿದೆ ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ನೆಟ್ಟಗಿನ ಕೂದಲು ಮಾತ್ರ ಚೆಂದ ಎಂದು ಸಾರುವ ಜಾಹೀರಾತುಗಳ ನಡುವೆ ಬೆಳೆಯುತ್ತಿರುವ ಅಲ್ಲಿನ ಹೆಣ್ಣುಮಕ್ಕಳಿಗೆ, ಅವರಂಥದೇ ಕೂದಲಿಗಾಗಿ ಇಷ್ಟು ಸೊಗಸಾದ ವಿದ್ಯೆ ಬೆಳೆದಿದೆ ಎಂಬುದು ತಲುಪಲಿ ಎಂಬ ಆಸೆಯೂ ಈ ಲೇಖನದ ಹಿಂದಿದೆ.

ಸಿದ್ಧತೆ

ಸಂಜೆಯೇ ತಲೆಗೆ ಸ್ನಾನ ಮಾಡಿ, ಕಂಡಿಷನರ್ ಹಚ್ಚಿ ತೊಳೆಯಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬನ್ನಿ. ಸಿಕ್ಕು ಉಳಿದ ಕೂದಲನ್ನು ಗಂಟು ಹಾಕಿದರೆ ಬೆಳಿಗ್ಗೆ ಅದು ಬಿಡಿಸಲಾರದ ಕಗ್ಗಂಟಾಗುತ್ತದೆ. ನಂತರ ಹಳೆಯ ಹತ್ತಿ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಕೂದಲು ನೇರವಾಗಿದ್ದರೆ ಅಥವಾ ಅಲೆಯಾಗಿದ್ದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಗುವವರೆಗೆ ಕಾಯಿರಿ. ಮುಟ್ಟಿದರೆ ತಂಪೆನಿಸಬೇಕು, ಹಿಂಡಿದರೆ ಹನಿ ಬರಬಾರದು. ಅದು ಸರಿಯಾದ ಹದ. ಬಿಗಿ ಗುಂಗುರಿನ ಕೂದಲಾದರೆ ಪೂರ್ತಿ ಒಣಗಿದ್ದರೂ ಅಡ್ಡಿಯಿಲ್ಲ, ಕೈಯಲ್ಲಿ ಅಷ್ಟು ನೀರು ಚಿಮುಕಿಸಿ ಕ್ರೀಮ್ ಹಚ್ಚಿದರೆ ಸಾಕು.

ಗುಂಗುರನ್ನು ಹಿಡಿದಿಡಲು ಅಂಗಡಿಯ ಮೂಸ್ ಅಥವಾ ಜೆಲ್ ಬಳಸಬಹುದು. ನಾನು ಅಗಸೆ ಬೀಜದ ಜೆಲ್ಲನ್ನೇ ಹೆಚ್ಚು ನೆಚ್ಚುತ್ತೇನೆ. ಕಾಲು ಬಟ್ಟಲು ಅಗಸೆಗೆ ಎರಡು ಬಟ್ಟಲು ನೀರು ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತ ಸಣ್ಣ ಉರಿಯಲ್ಲಿ ಏಳರಿಂದ ಹತ್ತು ನಿಮಿಷ ಕುದಿಸಿದರೆ ಅದು ಮೊಟ್ಟೆಯ ಬಿಳಿ ಲೋಳೆಯಷ್ಟು ಮಂದವಾಗುತ್ತದೆ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ತಣಿದ ಮೇಲೆ ಬೀಜ ಬಿಡಿಸುವುದು ಬಹಳ ಕಷ್ಟ. ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ. ನೇರ ಕೂದಲಿನವರು ಈ ಹಂತದಲ್ಲಿ ಎಣ್ಣೆ ಹಚ್ಚಬಾರದು, ಎಳೆ ಜಾರಿ ಗಂಟು ನಿಲ್ಲುವುದಿಲ್ಲ.

ಗಂಟು ಹಾಕುವುದು

ಹಿಡಿ ಮೊನಚಾಗಿರುವ ಬಾಚಣಿಗೆಯಿಂದ ಕೂದಲನ್ನು ಪಾಲು ಮಾಡಿಕೊಳ್ಳಿ. ಒಂದೊಂದು ಪಾಲಿನ ಬುಡ ನಾಲ್ಕೈದು ಸೆಂಟಿಮೀಟರ್ ಅಗಲದ ಚೌಕವಾಗಿದ್ದರೆ ಮಧ್ಯಮ ಗಾತ್ರದ ಗುಂಗುರು ಬರುತ್ತದೆ. ಪಾಲು ಸಣ್ಣದಾದಷ್ಟೂ ಸುರುಳಿ ಬಿಗಿ, ದೊಡ್ಡದಾದಷ್ಟೂ ಸಡಿಲ. ಗಂಟುಗಳನ್ನೇ ಅಲಂಕಾರವಾಗಿ ಧರಿಸುವವರು ಚೌಕ, ತ್ರಿಕೋನ, ವಜ್ರದ ಆಕಾರಗಳಲ್ಲಿ ನೇರ್ಪಾಗಿ ಬೈತಲೆ ತೆಗೆಯುತ್ತಾರೆ. ಬರೀ ಗುಂಗುರು ಬೇಕೆನ್ನುವವರು ಗೋಡೆಗೆ ಇಟ್ಟಿಗೆ ಇಡುವಂತೆ ಒಂದು ಸಾಲಿನ ಚೌಕಗಳ ನಡುವಿನ ಗೆರೆ ಮುಂದಿನ ಸಾಲಿನ ಚೌಕದ ಮಧ್ಯಕ್ಕೆ ಬರುವಂತೆ ಪಾಲು ಮಾಡಿದರೆ, ಬಿಚ್ಚಿದ ಮೇಲೆ ನೆತ್ತಿಯ ಮೇಲೆ ಬಿಳಿ ಗೆರೆಗಳು ಎದ್ದು ಕಾಣುವುದಿಲ್ಲ. ಸರದಿ ಬಾರದ ಕೂದಲನ್ನು ಕ್ಲಿಪ್ ಹಾಕಿ ಬದಿಗಿಡಿ. ಹಿಂದಲೆಯಿಂದ ಆರಂಭಿಸಿ ಹಣೆಯ ಕಡೆಗೆ ಬರುವುದು ಅನುಕೂಲ.

ಒಂದು ಪಾಲಿಗೆ ಬೆರಳ ತುದಿಯಷ್ಟು ಜೆಲ್ಲನ್ನು ಬುಡದಿಂದ ಸ್ವಲ್ಪ ಕೆಳಗಿನಿಂದ ತುದಿಯವರೆಗೆ ಸವರಿ, ಬಾಚಿ ನಯಮಾಡಿ. ಈಗ ಆ ಎಳೆಯನ್ನು ಒಂದೇ ದಿಕ್ಕಿಗೆ, ಬತ್ತಿ ಹೊಸೆಯುವಂತೆ, ತುದಿಯವರೆಗೂ ಹೊಸೆಯಿರಿ. ಹುರಿ ಹೆಚ್ಚಾದ ಹಗ್ಗ ತಾನಾಗಿಯೇ ಮಡಚಿಕೊಳ್ಳುವುದನ್ನು ನೀವು ನೋಡಿರುತ್ತೀರಿ, ಕೂದಲೂ ಹಾಗೆಯೇ. ಒಂದು ಹದಕ್ಕೆ ಬಂದಾಗ ಬುಡದ ಹತ್ತಿರ ಎಳೆ ತಾನೇ ಬಾಗಿ ಒಂದು ಕುಣಿಕೆಯಾಗಲು ಹೊರಡುತ್ತದೆ. ಆ ಬಾಗುವಿಕೆಯನ್ನು ತಡೆಯಬೇಡಿ, ಅದೇ ಗಂಟಿನ ಮೊದಲ ಸುತ್ತು. ಎಳೆ ಯಾವ ಕಡೆಗೆ ತಿರುಗುತ್ತದೆಯೋ ಆ ಕಡೆಗೇ ಸುತ್ತುತ್ತ, ಪ್ರತಿಯೊಂದು ಹೊಸ ಸುತ್ತನ್ನು ಹಿಂದಿನದರ ಕೆಳಗೆ, ನೆತ್ತಿಗೆ ಹತ್ತಿರವಾಗಿ ಕೂಡಿಸಿ. ವಿರುದ್ಧ ದಿಕ್ಕಿಗೆ ಸುತ್ತಿದರೆ ಹೊಸೆದ ಹುರಿಯೆಲ್ಲ ಬಿಟ್ಟುಹೋಗಿ, ಗಂಟು ಕೈಬಿಟ್ಟೊಡನೆ ಕುಸಿಯುತ್ತದೆ. ಕೊನೆಗೆ ಉಳಿದ ತುದಿಯನ್ನು ಸುತ್ತುಗಳ ಅಡಿಗೆ ಸಿಕ್ಕಿಸಿ. ಬಿಗಿ ಗುಂಗುರಿನ ಕೂದಲು ಹೀಗೆಯೇ ನಿಲ್ಲುತ್ತದೆ. ನುಣುಪು ಕೂದಲಿಗೆ ಒಂದೆರಡು ಹೇರ್‌ಪಿನ್ ಅಥವಾ ಬಟ್ಟೆ ಸುತ್ತಿದ ಸಣ್ಣ ಬ್ಯಾಂಡ್ ಬೇಕಾಗುತ್ತದೆ. ಬರಿಯ ರಬ್ಬರ್ ಬ್ಯಾಂಡ್ ಕೂದಲನ್ನು ಕಿತ್ತುಕೊಂಡೇ ಹೊರಬರುತ್ತದೆ, ಅದನ್ನು ಬಳಸಬೇಡಿ.

ಮುಖದ ಎರಡೂ ಬದಿಯ ಎಳೆಗಳನ್ನು ಮುಖದಿಂದ ಹೊರಮುಖವಾಗಿ ಹೊಸೆಯಿರಿ. ಬೆಳಿಗ್ಗೆ ಗುಂಗುರು ಕೆನ್ನೆಗೆ ಬೀಳದೆ ಹಿಂದಕ್ಕೆ ತೆರೆದುಕೊಳ್ಳುತ್ತದೆ.

ಪ್ರತಿ ಗಂಟು ಹಾಕಿದ ಮೇಲೂ ಹುಬ್ಬು ಎತ್ತಿ ನೋಡಿ. ಹಣೆಯ ಚರ್ಮ ಜಗ್ಗಿದರೆ, ಬುಡದಲ್ಲಿ ಸಣ್ಣ ಗುಳ್ಳೆಯಂತೆ ಚರ್ಮ ಉಬ್ಬಿದ್ದರೆ, ಅಥವಾ ನೋವಾಗುತ್ತಿದ್ದರೆ ಆ ಗಂಟನ್ನು ಬಿಚ್ಚಿ ಸಡಿಲವಾಗಿ ಮತ್ತೆ ಹಾಕಿ. ಬೆಳಿಗ್ಗೆ ಸರಿಹೋದೀತು ಎಂದು ಸಹಿಸಿಕೊಳ್ಳುವುದು ತಪ್ಪು. ಎಳೆತ ತಿಂಗಳುಗಟ್ಟಲೆ ಮುಂದುವರಿದರೆ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲು ತೆಳುವಾಗುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೀಷಿಯಾ ಎನ್ನುತ್ತಾರೆ. ಬೇಗ ಗಮನಿಸಿದರೆ ಕೂದಲು ಮರಳಿ ಬೆಳೆಯುತ್ತದೆ, ಬಹುಕಾಲ ಕಡೆಗಣಿಸಿದರೆ ನಷ್ಟ ಶಾಶ್ವತವಾಗಬಹುದು. ಬಿಗಿಯಾದ ಜಡೆ, ಎಳೆದು ಕಟ್ಟಿದ ತುರುಬುಗಳಿಂದಲೂ ಇದೇ ತೊಂದರೆ ಬರುತ್ತದೆ.

ರಾತ್ರಿ ಮತ್ತು ಬೆಳಿಗ್ಗೆ

ಗಂಟುಗಳ ಮೇಲೆ ರೇಷ್ಮೆಯ ಅಥವಾ ಸ್ಯಾಟಿನ್ ಬಟ್ಟೆ ಕಟ್ಟಿಕೊಂಡು ಮಲಗಿ. ಹತ್ತಿಯ ದಿಂಬಿನ ಚೀಲ ಕೂದಲಿನ ಪಸೆ ಹೀರಿ, ಉಜ್ಜಿ ಕೆದರಿಸುತ್ತದೆ. ಹಳೆಯ ರೇಷ್ಮೆ ಸೀರೆಯ ಜರಿಯಿಲ್ಲದ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಒಣಗಲು ಕನಿಷ್ಠ ಏಳೆಂಟು ಗಂಟೆ ಬೇಕು; ದಟ್ಟ ಕೂದಲಿಗೆ, ಅದರಲ್ಲಿಯೂ ಮಳೆಗಾಲದಲ್ಲಿ, ಅದು ಸಾಲದು. ನಾನು ಮೊದಲ ಬಾರಿ ಸೋತದ್ದು ಇಲ್ಲಿಯೇ. ಮಂಗಳೂರಿನಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ, ಹೊರಗಿನಿಂದ ಒಣಗಿದಂತೆ ಕಂಡ ಗಂಟುಗಳನ್ನೆಲ್ಲ ಬಿಚ್ಚಿದೆ. ಒಳಸುತ್ತು ಇನ್ನೂ ತಣ್ಣಗಿತ್ತು. ಅರ್ಧ ಗಂಟೆಯಲ್ಲಿ ಸುರುಳಿಗಳೆಲ್ಲ ಇಳಿದು ಕೂದಲು ಕೆದರಿಕೊಂಡು ನಿಂತಿತು. ಅಂದಿನಿಂದ ಹಿಂದಲೆಯ ಒಂದೇ ಗಂಟನ್ನು ಮೊದಲು ಬಿಚ್ಚಿ, ಅದರ ಒಳಭಾಗವನ್ನು ತುಟಿಗೆ ತಾಗಿಸಿ ನೋಡುತ್ತೇನೆ. ಬೆರಳಿಗೆ ತಿಳಿಯದ ತೇವ ತುಟಿಗೆ ತಿಳಿಯುತ್ತದೆ. ತಂಪೆನಿಸಿದರೆ ಅದನ್ನು ಮತ್ತೆ ಸುತ್ತಿ ಇನ್ನೂ ಒಂದೆರಡು ಗಂಟೆ ಫ್ಯಾನಿನ ಕೆಳಗೆ ಕಾಯುವುದೇ ಸರಿ.

ಒಣಗಿದೆ ಎಂದು ಖಚಿತವಾದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಹಚ್ಚಿ ಉಜ್ಜಿಕೊಳ್ಳಿ. ಪಿನ್ ತೆಗೆದು, ತುದಿ ಹಿಡಿದು, ಸುತ್ತಿದ್ದಕ್ಕೆ ವಿರುದ್ಧವಾಗಿ ನಿಧಾನವಾಗಿ ಬಿಚ್ಚಿ. ಕೆಳಗೆ ಜಗ್ಗಬೇಡಿ. ಎಲ್ಲ ಗಂಟುಗಳೂ ಬಿಚ್ಚಿದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಟ್ಟು, ಒಂದೊಂದು ಸುರುಳಿಯನ್ನು ಎರಡಾಗಿಯೋ ಮೂರಾಗಿಯೋ ಬೆರಳಿನಿಂದ ಬಿಡಿಸಿ. ಬಾಚಣಿಗೆ ಮುಟ್ಟಲೇಬಾರದು. ಬುಡ ಚಪ್ಪಟೆಯಾಗಿ ಕಂಡರೆ ಬೆರಳುಗಳನ್ನು ಬುಡಕ್ಕೆ ಹಾಕಿ ಮೆಲ್ಲನೆ ಅಲುಗಿಸಿದರೆ ಸಾಕು.

ನೇರ ಕೂದಲಿನಲ್ಲಿ ಈ ಗುಂಗುರು ಸಾಮಾನ್ಯವಾಗಿ ಒಂದು ದಿನ ನಿಲ್ಲುತ್ತದೆ, ಬಿಗಿ ಗುಂಗುರಿನ ಕೂದಲಿನಲ್ಲಿ ಹಲವು ದಿನ. ಕರಾವಳಿಯ ತೇವದ ಗಾಳಿಯಲ್ಲಿ ಬೇಗ ಇಳಿಯುತ್ತದೆ, ಬಯಲುಸೀಮೆಯ ಒಣಹವೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನೀರಿನಿಂದ ಸಡಿಲಗೊಳ್ಳುವ ಬಂಧಗಳಿಗೆ ಗಾಳಿಯಲ್ಲಿನ ನೀರಾವಿಯೂ ನೀರೇ. ಉಳಿಸಿಕೊಳ್ಳಬೇಕೆಂದರೆ ಎರಡನೆಯ ರಾತ್ರಿ ನೀರು ಮುಟ್ಟಿಸದೆ ಐದಾರು ದೊಡ್ಡ ಗಂಟುಗಳನ್ನಷ್ಟೇ ಹಾಕಿಕೊಂಡು ಮಲಗಿ. ಮುಂದಿನ ಬಾರಿ ತಲೆಗೆ ಸ್ನಾನ ಮಾಡಿ ಹೊಸದಾಗಿ ಗಂಟು ಹಾಕುವಾಗ ಹಳೆಯ ಬೈತಲೆಯ ಗೆರೆಗಳನ್ನೇ ಹಿಡಿಯದೆ ಅರ್ಧ ಅಂಗುಲ ಪಕ್ಕಕ್ಕೆ ಸರಿಸಿ, ಹಣೆಯಂಚಿನ ಸಣ್ಣ ಕೂದಲುಗಳನ್ನು ಗಂಟಿಗೆ ಸೇರಿಸದೆ ಹಾಗೆಯೇ ಬಿಟ್ಟುಬಿಡಿ.